ಕುದಿನೀರು ಬಿದ್ದ ಲೋಟ

ಹೋದ ಭಾನುವಾರ ನನ್ನ ತಂಗಿ ಸುಧಾ, ನಾನು ಕಾಫಿ ಕುಡಿದಿಟ್ಟ ಲೋಟಕ್ಕೆ ಕುದಿಯುವ ನೀರು ಸುರಿದಳು. ನಾನು ನೋಡುತ್ತಿಲ್ಲ ಅಂದುಕೊಂಡು. ಆಮೇಲೆ ಅದನ್ನು ಉಳಿದ ಪಾತ್ರೆಗಳಿಂದ ದೂರ ಬೋರಲು ಹಾಕಿದಳು.

ತಪ್ಪು ನನ್ನದೇ. ಬಾಯಿ ಬಿಟ್ಟಿದ್ದೆ.

ತಿಂಗಳ ಹಿಂದೆ ಜಯನಗರದಲ್ಲಿ ಲೇಡಿ ಡಾಕ್ಟರ ಹತ್ತಿರ ಹೋಗಿದ್ದೆ. ಐವತ್ತಾಯಿತಲ್ಲ, ಒಂದು ಸಲ ಗರ್ಭಕೋಶದ ಚೆಕಪ್ ಆಗಲಿ ಅಂತ. ರಿಪೋರ್ಟಿನಲ್ಲಿ ಎಚ್‌ಪಿವಿ ಅಂತ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ದಾರಿ ಮಾಡಬಲ್ಲ ವೈರಸ್.

"ಗಾಬರಿ ಬೇಡ. ತುಂಬ ಹೆಂಗಸರಿಗೆ ಬರುತ್ತೆ, ಹೆಚ್ಚಿನವರಿಗೆ ತಾನೇ ಹೋಗುತ್ತೆ. ಈಗ ಕ್ಯಾನ್ಸರ್ ಏನಿಲ್ಲ, ಆದ್ರೆ ಚೆಕಪ್ ತಪ್ಪಿಸ್ಬೇಡಿ" ಅಂದರು ಡಾಕ್ಟರ್.

"ಹೇಗೆ ಬಂತು ಡಾಕ್ಟ್ರೇ?"

"ಗಂಡ ಹೆಂಡತಿ ಸಂಬಂಧದಿಂದ್ಲೇ ಮೇಡಂ. ಎಷ್ಟೋ ವರ್ಷ ಸುಮ್ನೆ ಒಳಗೇ ಇರುತ್ತೆ. ನಿಮ್ಮ ಯಜಮಾನರು..."

"ಹೋಗಿ ಎಂಟು ವರ್ಷ ಆಯ್ತು."

ಮನೆಗೆ ಬಂದು ಇವರ ಫೋಟೋ ಮುಂದೆ ನಿಂತೆ. ಎಲ್ಲಿಂದ ತಂದಿರಿ ಅಂತ ಕೇಳೋಣವೇ? (ಬದುಕಿದ್ದಾಗಲೇ ಇವರ ಉತ್ತರ ಪೇಪರಿನ ಹಿಂದಿನಿಂದ ಬರುವ ಒಂದು "ಹೂಂ".) ಮದುವೆಗೆ ಮುಂಚಿನದೋ, ಆಮೇಲಿನದೋ, ಹೇಳುವವರಿಲ್ಲ. ಜಗಳ ಆಡುವುದಕ್ಕೂ ಇನ್ನೊಬ್ಬರು ಬೇಕು. ನಾನು ಒಂಟಿ ಅಂತ ಈ ಎಂಟು ವರ್ಷದಲ್ಲಿ ಅಷ್ಟು ಗಟ್ಟಿಯಾಗಿ ಅನಿಸಿದ್ದು ಅವತ್ತೇ.

ಡಾಕ್ಟರ್ ಇನ್ನೊಂದು ಮಾತು ಹೇಳಿದ್ದರು. ಇದಕ್ಕೆ ಇಂಜೆಕ್ಷನ್ ಈಗ ನಮ್ಮಲ್ಲೂ ಬಂದಿದೆ. ನನಗೆ ಪ್ರಯೋಜನವಿಲ್ಲ, ಹುಡುಗಿಯರಿಗೆ ವೈರಸ್ ತಗಲುವ ಮುಂಚೆಯೇ ಹಾಕಿಸಬೇಕು. ನನಗೆ ತಕ್ಷಣ ನೆನಪಾದದ್ದು ಸುಧಾ ಮಗಳು ಅನು. ಹದಿಮೂರು ವರ್ಷ. ಪ್ರತಿ ಶನಿವಾರ ಸ್ಕೂಲ್ ಮುಗಿಸಿ ನೇರ ನನ್ನ ಮನೆಗೆ ಬರುತ್ತಾಳೆ, ಅಕ್ಕಿ ರೊಟ್ಟಿ ತಿನ್ನುತ್ತಾ ತಲೆ ತಿನ್ನುತ್ತಾಳೆ. ನನ್ನ ವಾರ ಶುರುವಾಗುವುದೇ ಶನಿವಾರ.

ಅದಕ್ಕೇ ಹೋದ ಭಾನುವಾರ ಚಿಕ್ಕಲಸಂದ್ರದ ಸುಧಾ ಮನೆಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. "ಅನುಗೆ ಹಾಕಿಸೋಣ ಕಣೇ, ನಾನೇ ಕರ್ಕೊಂಡ್ ಹೋಗ್ತೀನಿ" ಅಂದೆ.

ಅವಳು ಮೊದಲು ಅಡುಗೆಮನೆ ಬಾಗಿಲು ಹಾಕಿದಳು. "ಇದನ್ನ ಯಾರ ಹತ್ರಾನೂ ಹೇಳ್ಬೇಡ ಅಕ್ಕ" ಅಂದಳು. (ಈಗ ನಿಮಗೆಲ್ಲ ಹೇಳುತ್ತಿದ್ದೇನೆ.) ಆಮೇಲೆ ಕುದಿನೀರು.

"ಲೋಟದಿಂದ ಬರಲ್ಲ ಕಣೇ."

"ಗೊತ್ತು ಅಕ್ಕ. ಆದ್ರೂ..."

ಇವಳು ಹೈಸ್ಕೂಲಿನಲ್ಲಿ ಬಯಾಲಜಿ ಪಾಠ ಮಾಡುವವಳು! ಲೋಟ ಬೇರೆ ಇಡುವುದು ನಮ್ಮ ಮನೆಗೆ ಹೊಸದಲ್ಲ. ಮುಟ್ಟಾದ ದಿನಗಳಲ್ಲಿ ಅಜ್ಜಿ ನಮಗೆ ಇಡುತ್ತಿದ್ದರು. ಅಜ್ಜಿಯ ಎದುರು ನಿಂತು ಜಗಳ ಆಡಿ ಅದನ್ನು ನಿಲ್ಲಿಸಿದ್ದು ಇದೇ ಸುಧಾ. ನನಗೆ ಕೋಪ ಬರಲಿಲ್ಲ, ಅಳು ಬಂತು.

ನಿನ್ನೆ ಶನಿವಾರ. ಹಿಟ್ಟು ಕಲೆಸಿಟ್ಟು ಕಾದೆ. ಅನು ಬರಲಿಲ್ಲ. ಫೋನ್ ಮಾಡಿದೆ.

"ಇನ್ಮೇಲೆ ಶನಿವಾರ ಅವಳಿಗೆ ಟ್ಯೂಷನ್ ಅಕ್ಕ."

"ಹೋಗ್ಲಿ ಬಿಡು. ಇಂಜೆಕ್ಷನ್ ವಿಷಯ ಏನ್ ಮಾಡಿದೆ?"

"ಅದೆಲ್ಲ ಈಗ್ಲೇ ಬೇಡ. ಮದುವೆ ಹೊತ್ತಿಗೆ ನೋಡೋಣ. ನಮ್ಮನೆ ಹುಡುಗಿ ಅಂಥವಳಲ್ಲ."

ನಾನೂ ಅದೇ ಮನೆಯ ಹುಡುಗಿ. ಇಪ್ಪತ್ತೆರಡು ವರ್ಷ ಒಬ್ಬನೇ ಗಂಡನ ಜೊತೆ ಬಾಳಿದವಳು. ಹಾಗಾದರೆ ನಾನು ಎಂಥವಳು, ಸುಧಾ?