ನೀರಿನ ಬಾಬ್ತು ಕಳೆದ ಯೂಲಾಲಿ ಅತ್ತೆ

ಯೂಲಾಲಿ ಅತ್ತೆ ಮಾರ್ಗನ್ ಸಿಟಿ ಬಂದರಿನ ಸಿಗಡಿ ಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಮಾಲು ತೂಗಿದವಳು. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಸಮುದ್ರದೊಳಗಿನ ಎಣ್ಣೆ ಬಾವಿಯ ಅಟ್ಟಣೆಗಳಿಗೆ ಹೆಲಿಕಾಪ್ಟರ್ ಓಡಾಟ ಶುರುವಾದಾಗ, ಕಂಪನಿಯವರು ಅವಳನ್ನೂ ಅವಳ ತೂಕದ ಯಂತ್ರವನ್ನೂ ಒಟ್ಟಿಗೇ ಕರೆದುಕೊಂಡರು. ಹತ್ತುವವರನ್ನು ಗಂಟುಮೂಟೆ ಸಮೇತ ತೂಗಿ, ಭಾರ ಮಿತಿ ಮೀರದಂತೆ ಪೈಲಟ್ಟಿಗೆ ಚೀಟಿ ಬರೆಯುವುದು ಅವಳ ಕೆಲಸ. ಪಕ್ಕದ ಮೇಜಿನ ರೇಡಿಯೋ ಕೆಲಸ ನನ್ನದು.

ಅವಳ ಬಾಯಿಗೆ ಹೆದರದವರಿರಲಿಲ್ಲ. ಕೋಟಿನೊಳಗೆ ಸಾಸೇಜು ಬಚ್ಚಿಟ್ಟವನಿಗೆ, "ಎಷ್ಟು ತಿಂಗಳಪ್ಪಾ?" ಎನ್ನುತ್ತಿದ್ದಳು. ಅಂಥವಳು ಚೀಟಿಯಲ್ಲಿ ಮಾತ್ರ ನೂರು ಪೌಂಡಿಗೆ ಹತ್ತು ಕಳೆದು ಬರೆಯುತ್ತಿದ್ದಳು. ಸಿಗಡಿ ಕಟ್ಟೆಯ ರೂಢಿ ಅದು. ಒದ್ದೆ ಮಾಲಿಗೆ ನೀರಿನ ಬಾಬ್ತು ಕಳೆಯದಿದ್ದರೆ ಮೋಸ. ದೋಣಿಯಿಂದಿಳಿದು ತೊಟ್ಟಿಕ್ಕುತ್ತ ಬರುವ ಗಂಡಸರೂ ಅವಳ ಕಣ್ಣಿಗೆ ಒದ್ದೆ ಮಾಲೇ. ನಾವಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ.

ಪೈಲಟ್ ಹಾರ್ಲನ್ ಸಮುದ್ರವೇ ಇಲ್ಲದ ಕ್ಯಾನ್ಸಸ್ ಕಡೆಯವನು. ಹೆಲಿಕಾಪ್ಟರ್ ಏಳಲಾರದೆ ಏದುಸಿರು ಬಿಡುತ್ತಿದ್ದುದಕ್ಕೆ ಮೂರು ಸಲ ಎಂಜಿನ್ ಬಿಚ್ಚಿಸಿದ್ದ.

"ಚೀಟಿ ಪ್ರಕಾರ ಹಗುರವಾಗೇ ಇದೆಯಲ್ಲಮ್ಮ. ಇದಕ್ಕೇನು ರೋಗ?"

"ಎಣ್ಣೆ ಬದಲಾಯ್ಸಿ ನೋಡಪ್ಪ."

ಆಗಸ್ಟಿನ ಒಂದು ದಿನ, ಹೆಲಿಕಾಪ್ಟರಿಗೆ ಬಲ ಕಮ್ಮಿಯಾಗುವಂಥ ಎಲೆ ಅಲುಗದ ಬೇಗೆಯಲ್ಲಿ, ಅತ್ತೆಯ ಗಂಡ ಕ್ಲೋವಿಸ್ ಹತ್ತಿದ. ಅವನು ಅಟ್ಟಣೆಯ ಅಡುಗೆಯವನು. ಜೊತೆಗೊಬ್ಬ ವೆಲ್ಡರ್. ಮುಕ್ಕಾಲು ಗಂಟೆಯ ಮೇಲೆ ರೇಡಿಯೋದಲ್ಲಿ ಹಾರ್ಲನ್ ಕೂಗಿದ: "ಅಟ್ಟಣೆ ಮೇಲೆ ನಿಲ್ಲೋಕೆ ಶಕ್ತಿ ಸಾಲ್ತಿಲ್ಲ! ನೀರಿಗೆ ಬೀಳ್ತಿದೀವಿ!" ಆಮೇಲೆ ಸದ್ದಿಲ್ಲ. ಅಲ್ಲಿಯವರನ್ನು ಕೇಳೋಣವೆಂದರೆ ಅಟ್ಟಣೆಯ ರೇಡಿಯೋ ಕೆಟ್ಟು ವಾರವಾಗಿತ್ತು.

ಅತ್ತೆ ಚೀಟಿ ತೆಗೆದು ನೋಡಿದಳು. "ಕ್ಲೋವಿಸ್ ಇನ್ನೂರ ಅರವತ್ತು ಕಣೋ. ಇನ್ನೂರ ಮೂವತ್ತನಾಲ್ಕು ಬರ್ದಿದೀನಿ."

"ಯಾಕತ್ತೆ?"

"ನೀರಿಗೆ ಕಳ್ದೆ."

ಹಾಗೆ ಕಳೆದ ಭಾರವೇ ಹೆಲಿಕಾಪ್ಟರನ್ನು ಬೀಳಿಸಿತೆಂದು ಹೇಳಿದ ಮೇಲೆಯೇ ಅವಳಿಗೆ ಹೊಳೆದದ್ದು. ಮೂರು ಗಂಟೆ ಜಪಮಾಲೆ ಎಣಿಸಿದಳು, ನಡುವೆ ಅತ್ತಳು, ಗಂಡನನ್ನು ಬೈದಳು: "ಕಮ್ಮಿ ತಿನ್ನು ಅಂದ್ರೆ ಕೇಳಿದ್ನಾ!"

ಕೊನೆಗೆ ಸಿಗಡಿ ದೋಣಿಯೊಂದು ಹೆಲಿಕಾಪ್ಟರನ್ನು ಹಗ್ಗ ಕಟ್ಟಿ ಎಳೆದು ತಂದಿತು. ಹೆಲಿಕಾಪ್ಟರಿನ ಕಾಲಿಗಿದ್ದ ಗಾಳಿ ತುಂಬಿದ ತೇಲುಚೀಲದ ಮೇಲೆ ಮೂವರೂ ಕೂತಿದ್ದರು. ಕ್ಲೋವಿಸ್ ತನ್ನ ಅಡುಗೆಯ ಕಬ್ಬಿಣದ ಮಡಕೆ ಅಪ್ಪಿಕೊಂಡಿದ್ದ.

"ಈ ಎಂಜಿನ್ನಿಗೆ ಬೆಂಕಿ ಹಾಕ!" ಎನ್ನುತ್ತ ಹಾರ್ಲನ್ ಇಳಿದ. ಅತ್ತೆ ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ನಾನಂತೂ ಬಾಯಿ ಬಿಡುತ್ತಿರಲಿಲ್ಲ.

"ಎಂಜಿನ್ ಅಲ್ಲಪ್ಪ. ತಪ್ಪು ನಂದು," ಎಂದು ಅವಳು ಎಲ್ಲ ಹೇಳಿದಳು.

ಹಾರ್ಲನ್ ತೂಕದ ಯಂತ್ರದ ಮೇಲೇ ಕುಸಿದು ಕೂತ. "ನನ್ನ ತೂಕಾನೂ ಕಳೀತಿದ್ರಾ?"

"ಇಲ್ಲಪ್ಪ. ನೀನು ಒಣಗಿರ್ತಿದ್ದೆ."

ಮ್ಯಾನೇಜರು ಅವಳನ್ನು ಕಳಿಸಿಬಿಡಲು ಹೊರಟ. ಹಾರ್ಲನ್ ಬಿಡಲಿಲ್ಲ. "ಇನ್ಮೇಲೆ ಇವರಷ್ಟು ಸರಿಯಾಗಿ ತೂಗೋರು ಯಾರೂ ಸಿಗಲ್ಲ" ಎಂದ.

ಮುಂದಿನ ವಾರ ಜಡಿಮಳೆ. ಕ್ಲೋವಿಸ್ ತೊಪ್ಪೆಯಾಗಿ ಬಂದು ಮಡಕೆ ಸಮೇತ ಯಂತ್ರದ ಮೇಲೆ ನಿಂತ. "ಯೂಲಾಲಿ, ನೆನೆದುಬಿಟ್ಟಿದೀನಿ ಕಣೇ. ಒಂದೈದು ಪೌಂಡಾದ್ರೂ ಕಳಿ."

ಅತ್ತೆ ತಲೆಯೆತ್ತಲಿಲ್ಲ. "ನಿನ್ನ ಹೆಣ ತಂದು ಇದರ ಮೇಲೆ ಮಲಗಿಸಿದ ದಿನ ಕಳೀತೀನಿ. ತೂಕ ಇಳೀಬೇಕಂದ್ರೆ ಮಡಕೆ ಕೆಳಗಿಡು."