ಮುಂಬಾಗಿಲಿಂದ ಬಂದ ತಪ್ಪು

ಕಳೆದ ಗುರುವಾರ ಸಂಜೆ ನಮ್ಮ ಮನೆಯ ಫೋನಿಗೆ ಒಂದು ಉಪಗ್ರಹದ ಆರೋಗ್ಯದ ಸುದ್ದಿ ಬಂತು.

ನಗಬೇಡಿ. ವಿಜಯನಗರದ ನಮ್ಮ ಬೀದಿಯಲ್ಲಿ ಸದ್ಯಕ್ಕೆ ಫೋನ್ ಲೈನು ಬಂದಿರುವುದು ನಮ್ಮ ಮನೆಗೆ ಮಾತ್ರ. ಹಾಗಾಗಿ ಇಡೀ ಬೀದಿಗೆ ನಮ್ಮದೇ ಪಿಪಿ ನಂಬರ್, ಅಂದರೆ ಕರೆ ಬಂದವರನ್ನು ಕೂಗಿ ಕರೆದು ಕೊಡುವ ನಂಬರ್. ಹೆಣ್ಣು ನೋಡಲು ಬರುವವರು, ಹೆರಿಗೆಯಾದವರು, ಬಸ್ ತಪ್ಪಿಸಿಕೊಂಡವರು ಎಲ್ಲರ ಸುದ್ದಿಯೂ ನನ್ನ ಕಿವಿ ಹಾದೇ ಹೋಗಬೇಕು. ಒಗ್ಗರಣೆಗೆ ಸಾಸಿವೆ ಹಾಕಿದ ಕ್ಷಣಕ್ಕೇ, ಸ್ವಲ್ಪ ಪಕ್ಕದ ಮನೆಯವರನ್ನು ಕರೆಯುತ್ತೀರಾ ಎಂಬ ದನಿ. (ಕರೆಯದೆ ಇರಲಾದೀತೇ? ನಾಳೆ ಅವರ ಮನೆಯ ಕರಿಬೇವು ಬೇಡವೇ?) ಇದರ ಬಗ್ಗೆ ಈ ಅಂಕಣದಲ್ಲೇ ಎಷ್ಟೋ ಸಲ ಗೊಣಗಿದ್ದೇನೆ. ಈ ವಾರ ಗೊಣಗುವುದಿಲ್ಲ.

ಎದುರು ಮನೆ ಮಹದೇವಪ್ಪನವರದು. ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟವರು. ಮಗಳು ಗಿರಿಜಾ ಹೊರದೇಶದ ಲ್ಯಾಬೊಂದರಲ್ಲಿ ವಿಜ್ಞಾನಿ. ಅಮ್ಮನ ಕಣ್ಣಿನ ಆಪರೇಷನ್ ಎಂದು ರಜೆ ಹಾಕಿ ಬಂದಿದ್ದಾಳೆ. ಬಂದವಳು ಅಮ್ಮನ ಪಕ್ಕ ಕೂತಷ್ಟೇ ಹೊತ್ತು ನಮ್ಮ ಫೋನಿನ ಪಕ್ಕವೂ ಕೂತಿದ್ದಾಳೆ.

ಏನಮ್ಮ ನಿನ್ನ ಕೆಲಸ ಎಂದು ನಮ್ಮತ್ತೆ ಕೇಳಿದರು. ಆಕಾಶಕ್ಕೆ ಕಳಿಸುವ ಎಕ್ಸ್‌ರೇ ಕ್ಯಾಮೆರಾ ಮಾಡುವುದು ಎಂದಳು. ಎಕ್ಸ್‌ರೇ ತೆಗೆಯುವುದು ಮೂಳೆ ಮುರಿದವರಿಗೆ, ನಕ್ಷತ್ರಕ್ಕೆ ಎಲ್ಲಿಯ ಮೂಳೆ ಎಂಬುದು ಅತ್ತೆಯ ವಾದ. ಗಿರಿಜಾ ನಗಲಿಲ್ಲ. ಕಪ್ಪುಕುಳಿಗಳ ಸುತ್ತ, ಸಿಡಿದುಹೋದ ನಕ್ಷತ್ರಗಳ ಸುತ್ತ ಅನಿಲ ಎಷ್ಟು ಕಾದಿರುತ್ತದೆಂದರೆ ಅದರಿಂದ ಎಕ್ಸ್‌ರೇ ಹೊಮ್ಮುತ್ತದಂತೆ. ನಮ್ಮ ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲ. (ಬಿಟ್ಟಿದ್ದರೆ ಈ ಅಂಕಣ ಓದಲು ನೀವಿರುತ್ತಿರಲಿಲ್ಲ.) ಅದಕ್ಕೇ ಕ್ಯಾಮೆರಾವನ್ನು ಗಾಳಿಯಾಚೆಗೆ ಕಳಿಸಬೇಕು.

ಇದು ರೀಲು ಹಾಕುವ ಕ್ಯಾಮೆರಾ ಅಲ್ಲ. ಅಂಗೈಯಲ್ಲಿ ಹಿಡಿಸುವ ಸಿಲಿಕಾನ್ ಚಿಪ್‌ಗಳು. ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳು. ಒಂದು ಎಕ್ಸ್‌ರೇ ಕಣ ಬಂದು ಚೌಕದೊಳಗೆ ಬಿದ್ದರೆ ಅಲ್ಲೊಂದಿಷ್ಟು ಎಲೆಕ್ಟ್ರಾನುಗಳು ಏಳುತ್ತವೆ. ಎಷ್ಟು ಎದ್ದವು ಎಂದು ಎಣಿಸಿದರೆ ಬಂದ ಕಣಕ್ಕೆ ಎಷ್ಟು ಕಸುವಿತ್ತು, ಅದನ್ನು ಕಳಿಸಿದ್ದು ಕಬ್ಬಿಣವೋ ಆಮ್ಲಜನಕವೋ ಎಂಬುದು ಕೂಡ ತಿಳಿಯುತ್ತದೆ. ಎಲ್ಲಿಯ ಕಬ್ಬಿಣ? ಬೆಳಕಿಗೂ ಬಂದು ಮುಟ್ಟಲು ಲಕ್ಷಾಂತರ ವರ್ಷ ಹಿಡಿಯುವ ದೂರದ್ದು! ನನ್ನ ಮೈ ಜುಮ್ಮೆಂದಿತು.

ಆದರೆ ಎಣಿಸುವುದು ಚಿಪ್‌ನ ಅಂಚಿನಲ್ಲಿ. ಅಲ್ಲಿಯವರೆಗೆ ಎಲೆಕ್ಟ್ರಾನುಗಳನ್ನು ಚೌಕದಿಂದ ಚೌಕಕ್ಕೆ ದಾಟಿಸುತ್ತಾ ಹೋಗಬೇಕು. ಅಪ್ಪನ ಮಂಡಿಯಲ್ಲಿ ಲಾರಿಯಿಂದ ಬೆಲ್ಲದ ಅಚ್ಚನ್ನು ಕೈಯಿಂದ ಕೈಗೆ ಕೊಟ್ಟು ಒಳಗೆ ಸಾಗಿಸುವುದಿಲ್ಲವೇ, ಹಾಗೆ ಎಂದಳು. ದಾರಿಯಲ್ಲಿ ಒಂದೊಂದು ಕೈಗೂ ಚೂರು ಬೆಲ್ಲ ಅಂಟಿಕೊಂಡರೆ? ಒಳಗೆ ಮುಟ್ಟುವಷ್ಟರಲ್ಲಿ ಅಚ್ಚು ಸವೆದಿರುತ್ತದೆ. ತೂಕ ಸುಳ್ಳಾಗುತ್ತದೆ.

ಮೇಲೆ ಆಕಾಶದಲ್ಲಿ ಆದದ್ದೂ ಅದೇ.

ಮದುವೆಯ ಮಾತು ಬಂದಾಗಲೆಲ್ಲ "ಕ್ಯಾಮೆರಾ ಮೇಲೆ ಹೋಗ್ಲಿ" ಎನ್ನುತ್ತಲೇ ವರ್ಷಗಳನ್ನು ಕಳೆದವಳು ಈ ಹುಡುಗಿ. ಕ್ಯಾಮೆರಾ ಮೇಲೆ ಹೋಯಿತು. ಮೊದಮೊದಲು ಬಂದ ಚಿತ್ರ ನೋಡಿ ಲ್ಯಾಬಿನಲ್ಲಿ ಎಲ್ಲರೂ ಖುಷಿಗೆ ಅತ್ತುಬಿಟ್ಟರಂತೆ. ಕೆಲವೇ ವಾರ. ಆಮೇಲೆ ಲೆಕ್ಕ ತಪ್ಪತೊಡಗಿತು. ಚಿಪ್‌ಗಳು ಕೆಡುತ್ತಿದ್ದವು.

ಭೂಮಿಯ ಸುತ್ತ ವಿದ್ಯುತ್ ಕಣಗಳ ಒಂದು ಪಟ್ಟಿ ಇದೆ. ಆ ಕಣಗಳು ಬಡಿದರೆ ಚಿಪ್‌ನ ಚೌಕಗಳು ಕೆಟ್ಟು, ದಾಟಿಹೋಗುವ ಎಲೆಕ್ಟ್ರಾನುಗಳನ್ನು ಅಂಟಿಸಿಕೊಳ್ಳುತ್ತವೆ. ಉಪಗ್ರಹ ಸುತ್ತು ಹಾಕುವಾಗಲೆಲ್ಲ ಅದನ್ನು ಹಾದುಹೋಗಬೇಕು. ಇದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕ್ಯಾಮೆರಾದ ಸುತ್ತ ದಪ್ಪ ಲೋಹದ ಗೋಡೆ ಕಟ್ಟಿದ್ದರು. ಆ ಗೋಡೆಯ ಲೆಕ್ಕಾಚಾರವೆಲ್ಲ ಗಿರಿಜಾಳದು. ಒಂದು ಕಡೆ ಮಾತ್ರ ತೆರೆದಿಡಲೇಬೇಕಿತ್ತು. ಕನ್ನಡಿಗಳು ಎಕ್ಸ್‌ರೇಯನ್ನು ಒಟ್ಟುಗೂಡಿಸಿ ತಂದು ಸುರಿಯುವ ಕಡೆ. ಅಲ್ಲಿಂದ ಎಕ್ಸ್‌ರೇ ಬಿಟ್ಟು ಬೇರೇನು ಬಂದೀತು ಎಂದು ಎಲ್ಲರೂ ನಂಬಿದ್ದರು. ಆದರೆ ಆ ಕನ್ನಡಿಗಳ ನಯ ಅದೆಷ್ಟಿತ್ತೆಂದರೆ ಪಟ್ಟಿಯ ನಿಧಾನಗತಿಯ ಕಣಗಳನ್ನೂ ಅಷ್ಟೇ ಮುತುವರ್ಜಿಯಿಂದ ಒಟ್ಟುಗೂಡಿಸಿ ಚಿಪ್‌ನ ಮೇಲೆ ಸುರಿದವು. ಕೆಲಸ ಚೆನ್ನಾಗಿ ಮಾಡಿದ್ದೇ ಮುಳುವಾಯಿತು.

ಇದನ್ನು ಕೇಳಿ ಅತ್ತೆ, "ಲಕ್ಷ್ಮಿಗೆ ಅಂತ ತೆಗೆದ ಬಾಗ್ಲಲ್ಲಿ ಸೊಳ್ಳೇನೂ ಬರುತ್ತೆ ಕಣಮ್ಮ" ಎಂದರು.

ನಾನು ದಂಗಾದೆ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲು ಹಾಕಬೇಕು, ಮುಂಬಾಗಿಲು ತೆರೆಯಬೇಕು. ಲಕ್ಷ್ಮಿ ಮುಂದಿನಿಂದ ಬರಬೇಕು, ಹಿಂದಿನಿಂದ ಹೋಗಿಬಿಡಬಾರದು. ಅಕ್ಕಪಕ್ಕದ ಖಾಲಿ ಸೈಟುಗಳ ಸೊಳ್ಳೆಗಳೆಲ್ಲ ಆ ಹೊತ್ತಿಗೇ ಒಳಗೆ ನುಗ್ಗುತ್ತವೆ ಎಂದು ನಾನು ಮದುವೆಯಾಗಿ ಬಂದಾಗಿನಿಂದ ಹೇಳುತ್ತಿದ್ದೇನೆ. ಅತ್ತೆ ಒಪ್ಪಿದ್ದು ಇದೇ ಮೊದಲು. ಅದೂ ಉಪಗ್ರಹದ ದೆಸೆಯಿಂದ.

ತಪ್ಪು ಗೊತ್ತಾದ ಕೂಡಲೇ ಗಿರಿಜಾಳ ತಂಡ ಒಂದು ಉಪಾಯ ಮಾಡಿತು. ಆ ಪಟ್ಟಿ ಹತ್ತಿರ ಬಂದಾಗಲೆಲ್ಲ ಕ್ಯಾಮೆರಾವನ್ನು ಅದರ ಜಾಗದಿಂದ ಪಕ್ಕಕ್ಕೆ ಸರಿಸುವುದು, ದಾಟಿದ ಮೇಲೆ ಮತ್ತೆ ತಂದು ಕೂರಿಸುವುದು. ಇಷ್ಟರಿಂದ ಕೆಡುವುದು ನಿಂತಿತೇ? ಗುರುವಾರದ ಪರೀಕ್ಷೆಯಲ್ಲಿ ತಿಳಿಯಬೇಕಿತ್ತು. ನಿಲ್ಲದಿದ್ದರೆ ಅಷ್ಟೂ ವರ್ಷಗಳ ಕೆಲಸ ಮೇಲೆಯೇ ಸಾಯುತ್ತದೆ.

ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿತ್ತು. ಬೇರೆ ದೇಶದವರ ಇಂಥದ್ದೇ ಕ್ಯಾಮೆರಾ ಕೆಲವೇ ತಿಂಗಳಲ್ಲಿ ಮೇಲೆ ಹೋಗುವುದರಲ್ಲಿತ್ತು. ಅಂಥದ್ದೇ ಕನ್ನಡಿ, ಅಂಥದ್ದೇ ತೆರೆದ ಬಾಗಿಲು. ಒಂದು ರೀತಿಯಲ್ಲಿ ಇವರ ಪೈಪೋಟಿಯವರು. ಅವರಿಗೆ ಈಗಲೇ ಹೇಳುವುದೋ, ನಮ್ಮ ಲ್ಯಾಬಿನ ವಿಚಾರಣೆ ಮುಗಿಯಲಿ ಎಂದು ತಡೆಯುವುದೋ? ಗಿರಿಜಾಳ ಮೇಲಧಿಕಾರಿಗಳು ಡೋಲಾಯಮಾನ. ಹೇಳಿದರೆ ಗೋಡೆಯ ಲೆಕ್ಕ ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ನಮ್ಮ ಸೋಫಾದ ಮೇಲೆ ಕೂತಿತ್ತು.

ಇದು ತಿಳಿದು ಮಹದೇವಪ್ಪನವರು ಕಂಗಾಲಾದರು. ನನ್ನೆದುರೇ ಮಗಳಿಗೆ ಹೇಳಿದರು: "ಮೇಲ್ ಆಗಿರೋದ್ನ ಯಾರ್ ಹೋಗ್ ನೋಡ್ತಾರೆ? ನೀನಾಗೇ ಯಾಕ್ ಹೆಸ್ರು ಕೆಡಿಸ್ಕೋತೀಯ? ಸುಮ್ನಿದ್ಬುಡು ಕಣಮ್ಮ."

ಹೆತ್ತವರ ಮಾತು. ನನ್ನ ಮಗಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಗುರುವಾರ ಅತ್ತೆ ದೀಪ ಹಚ್ಚಿದರು. ಹಿತ್ತಿಲ ಬಾಗಿಲು ಹಾಕಿದೆ, ಮುಂಬಾಗಿಲು ತೆರೆದೆ. ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು. ದೀಪದ ಹೊತ್ತಿನಲ್ಲಿ ಕೆಟ್ಟ ಸುದ್ದಿ ಕೇಳಬಾರದು, ಆಮೇಲೆ ಎತ್ತಿದರಾಯಿತು ಎಂದು ಅತ್ತೆ ಗಡಿಬಿಡಿಗೊಂಡರು. ಗಿರಿಜಾ ಒಂದು ಕ್ಷಣ ದೀಪದ ಕಡೆ ನೋಡಿ ರಿಸೀವರ್ ಎತ್ತಿಯೇಬಿಟ್ಟಳು. ಮಹದೇವಪ್ಪನವರು ರಸ್ತೆ ದಾಟಿ ಬಂದು ಹೊಸ್ತಿಲಾಚೆ ನಿಂತರು.

ಬಹಳ ಹೊತ್ತು ಆ ಕಡೆಯವರ ಮಾತನ್ನೇ ಕೇಳಿದಳು. ಕೆಟ್ಟದ್ದು ಹೋದ ವಾರದಷ್ಟೇ ಇದೆಯೇ, ಒಂದು ಚೂರೂ ಹೆಚ್ಚಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕಣ್ಣು ತುಂಬಿ ಬಂತು. ಕೆಡುವುದು ನಿಂತಿತ್ತು!

ಆ ಕಡೆಯವರು ಇನ್ನೊಂದು ಮಾತು ಕೇಳಿರಬೇಕು. ಗಿರಿಜಾ ಅಪ್ಪನತ್ತ ನೋಡಿದಳು. ನೋಡುತ್ತಲೇ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ: "ನಾಳೆಯೇ ಹೇಳಿಬಿಡಿ, ಅವರದು ಮೇಲೆ ಹೋಗುವ ಮೊದಲು. ಲೆಕ್ಕ ಮಾಡಿದ್ದು ನಾನು. ನನ್ನ ಹೆಸರನ್ನೇ ಹಾಕಿ."

ಫೋನ್ ಇಟ್ಟು ಅಪ್ಪನಿಗೆ ಎಲ್ಲವನ್ನೂ ತಿಳಿಸಿದಳು. ಕೆಟ್ಟದ್ದು ಕೆಟ್ಟಂತೆಯೇ ಇರುತ್ತದೆ, ಯಾರೂ ಏಣಿ ಹಾಕಿ ಹತ್ತಿ ರಿಪೇರಿ ಮಾಡುವ ಹಾಗಿಲ್ಲ. ಎಷ್ಟು ಬೆಲ್ಲ ಅಂಟುತ್ತದೆಂದು ಅಂದಾಜು ಹಾಕಿ ಲೆಕ್ಕ ತಿದ್ದಿಕೊಂಡರೆ ಕ್ಯಾಮೆರಾ ಇನ್ನೂ ಬಹಳ ವರ್ಷ ದುಡಿಯುತ್ತದೆ. ತನ್ನ ಹೆಸರಿನ ವಿಚಾರವನ್ನೂ ಮುಚ್ಚಿಡಲಿಲ್ಲ.

ಮಹದೇವಪ್ಪನವರು ಹೊಸ್ತಿಲು ದಾಟಿ ಒಳಗೆ ಬಂದರು. "ಅಂಗಾರೆ ಅವ್ರುದು ಉಳೀತದಾ?" ಎಂದರು.

"ಉಳಿಯುತ್ತಪ್ಪ."

"ಆಯ್ತು ಬುಡು."

ಅಷ್ಟೇ. ಮಗಳ ಹೆಗಲ ಮೇಲೆ ಕೈಯಿಟ್ಟು ಮನೆಗೆ ಕರೆದುಕೊಂಡು ಹೋದರು. ಆ ಕ್ಯಾಮೆರಾ ಕಟ್ಟಿದವರ ಜಾಣತನಕ್ಕೆ ಕೈಮುಗಿಯಬೇಕು, ನಿಜ. ಈ ಹುಡುಗಿ ನಮ್ಮ ಹಾಲ್‌ನಲ್ಲಿ ನಿಂತು ಆಡಿದ ಆ ಮಾತಿಗೆ ಎರಡು ಸಲ ಮುಗಿಯುತ್ತೇನೆ.

ಯಾಕೆಂದರೆ ನಮ್ಮ ಬೀದಿಯ ಕಥೆ ಕೇಳಿ. ಇಲ್ಲೊಬ್ಬರ ಹೊಸ ಮನೆಯ ಮೋಲ್ಡು ಮೊದಲ ಮಳೆಗೇ ಸೋರಿತು. ಅವರು ತುಟಿಪಿಟಕ್ಕೆನ್ನಲಿಲ್ಲ. ಮೇಸ್ತ್ರಿ ಹೇಗೆ ಎಂದು ಪಕ್ಕದ ಸೈಟಿನವರು ಕೇಳಿದಾಗ ಪರವಾಗಿಲ್ಲ ಎಂದರಂತೆ. ಈಗ ಮಳೆ ಬಂದರೆ ಎರಡೂ ಮನೆಗಳ ಹಾಲ್‌ನಲ್ಲಿ ಬಕೆಟ್ಟು. (ಇಬ್ಬರೂ ಈ ಅಂಕಣ ಓದುತ್ತಾರೆ. ಓದಲಿ.)

ಲಕ್ಷ್ಮಿಗೆಂದು ದಿನಾ ಸಂಜೆ ಮುಂಬಾಗಿಲು ತೆರೆದಿಡುವ ನಾವು, ನಮ್ಮ ತಪ್ಪುಗಳನ್ನು ಮಾತ್ರ ಹಿತ್ತಿಲ ಬಾಗಿಲಿಂದಲೇ ಸಾಗಹಾಕುವುದೇಕೆ?