ಸಮಾನತೆಯ ಬಸ್ಸು

ಈಸ್ಟ್ ಹ್ಯಾಮಿನ ಅಂಗಡಿಗಳಿಗೆ ಕರಿಬೇವು ಶುಕ್ರವಾರ ಮಾತ್ರ ಬರುತ್ತಿದ್ದ ದಿನಗಳವು. ನಾಲ್ಕು ಗಂಟೆಗೆಲ್ಲ ಮುಗಿದುಹೋಗುತ್ತಿತ್ತು. ಅದಕ್ಕೇ ಅಮ್ಮ ಶುಕ್ರವಾರಗಳಂದು ನನ್ನನ್ನು ಕರೆತರಲು ಶಾಲೆಗೆ ಸ್ವಲ್ಪ ತಡವಾಗಿ ಬರುತ್ತಿದ್ದಳು, ಬಂದಾಗ ಅವಳ ಕೋಟಿನ ಜೇಬೆಲ್ಲ ಹಸಿ ಕರಿಬೇವಿನ ಘಮ. ಮನೆಯ ಒಂದೇ ಒಂದು ಫೋನು ಮೆಟ್ಟಿಲ ಕೆಳಗಿತ್ತು; ಅದರಲ್ಲಿ ಯಾರು ಮಾತಾಡಿದರೂ ಮನೆಗೆಲ್ಲ ಕೇಳಿಸುತ್ತಿತ್ತು. ಲಂಡನ್ನಿನಲ್ಲಿ ಕನ್ನಡದವರು ಆಗ ಬಹಳ ಕಡಿಮೆ. ಕಡಿಮೆ ಇದ್ದುದರಿಂದಲೇ ಒಬ್ಬರನ್ನೊಬ್ಬರು ಅಷ್ಟು ಪ್ರೀತಿಸುತ್ತಿದ್ದೆವು ಎಂದು ಈಗಿನ ಸಮಾರಂಭಗಳಲ್ಲೆಲ್ಲ ಹೇಳುತ್ತಾರೆ. ನಾನೂ ಅಲ್ಲೇ ಇದ್ದೆ. ಅಷ್ಟೊಂದೇನೂ ಪ್ರೀತಿಸುತ್ತಿರಲಿಲ್ಲ.

ನನಗಾಗ ಹತ್ತು ವರ್ಷ. ಅಪ್ಪ ಧಾರವಾಡದವರು, ಆಸ್ಪತ್ರೆಯಲ್ಲಿ ಡಾಕ್ಟರು, ಅಮ್ಮ ಮೈಸೂರಿನವಳು. ಅಪ್ಪನ ಕೈಕೆಳಗೆ ಕೆಲಸ ಕಲಿತ ಇಬ್ಬರು ಇಂಗ್ಲಿಷರು ಅಪ್ಪನಿಗಿಂತ ಮೇಲಿನ ಹುದ್ದೆಗೆ ಹೋಗಿದ್ದರು. ಭಾನುವಾರ ನಮ್ಮ ಡಾಕ್ಟರುಗಳೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಚೌಚೌ ಭಾತ್ ತಿನ್ನುತ್ತ, ಬಿಳಿಯರು ತಮಗೆ ಮಾಡಿದ ಅನ್ಯಾಯಗಳನ್ನು ಸರದಿಯ ಮೇಲೆ ಹೇಳಿಕೊಳ್ಳುತ್ತಿದ್ದರು. ಅದೆಲ್ಲ ನಿಜವಾದ ಅನ್ಯಾಯವೇ, ಇಲ್ಲವೆನ್ನುವುದಿಲ್ಲ. ಆದರೆ ಎರಡನೆಯ ಸುತ್ತಿನ ಕಾಫಿ ಬರುವ ಹೊತ್ತಿಗೆ ಮಾತು ಬೀದಿಯ ಕೊನೆಯ ಮನೆಗಳಲ್ಲಿದ್ದ ‘ಕರಿಯರ’ ಕಡೆಗೆ ತಿರುಗುತ್ತಿತ್ತು. ಆಗ ನಮ್ಮವರ ಮುಖದ ಮೇಲೆ, ಅವರೇ ಅಷ್ಟು ಹೊತ್ತು ಬೈಯುತ್ತಿದ್ದ ಇಂಗ್ಲಿಷರ ಮುಖಭಾವ ಹಾಗೇ ಬಂದು ಕೂರುತ್ತಿತ್ತು. ನಾನು ಮೂಲೆಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

ಡೆನಿಸ್ ಕಾನ್ವೆಂಟಿನಲ್ಲಿ ನನ್ನ ಪಕ್ಕದ ಸೀಟಿನವಳು. ಆ ಶಾಲೆಯ ಕಾರಿಡಾರುಗಳಲ್ಲಿ ನೆಲಕ್ಕೆ ಹಾಕುವ ಪಾಲಿಶಿನದೂ ಬೇಯಿಸಿದ ಕೋಸಿನದೂ ಸೇರಿದ ಒಂದು ವಾಸನೆ ಸದಾ ಇರುತ್ತಿತ್ತು. ಅವಳ ಅಮ್ಮ ಲೊರೇನ್ ಅಮೆರಿಕದ ಅಲಬಾಮಾ ಕಡೆಯವರು, ಕಪ್ಪು ಜನ. ಇಲ್ಲಿನ ನೆಲೆಗೆ ವರ್ಗವಾದ ಅಮೆರಿಕದ ವಾಯುಪಡೆಯವನೊಬ್ಬನನ್ನು ಮದುವೆಯಾಗಿ ಬಂದರು. ಅವನು ಬಿಟ್ಟುಹೋದ ಮೇಲೆ ಅಪ್ಪನ ಆಸ್ಪತ್ರೆಯಲ್ಲೇ ನರ್ಸಾದರು. ಅವರ ಡ್ಯೂಟಿ ಆರಕ್ಕೆ ಮುಗಿಯುತ್ತಿದ್ದುದರಿಂದ ಡೆನಿಸ್ ಶಾಲೆ ಬಿಟ್ಟ ಮೇಲೆ ನಮ್ಮ ಮನೆಯಲ್ಲಿರುತ್ತಿದ್ದಳು. ಅಡಿಗೆಮನೆಗೆ ಬರಬೇಡ ಎಂದು ಅಮ್ಮ ಅವಳಿಗೆ ಯಾವತ್ತೂ ಹೇಳಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಹಾಲಿಗೇ ತಂದುಕೊಟ್ಟುಬಿಡುತ್ತಿದ್ದಳು, ಅಷ್ಟೆ. ನಾವಿಬ್ಬರೂ ಅಳಗುಳಿಮಣೆ ಹಾಕಿಕೊಂಡು ಹುಣಿಸೆಬೀಜ ಎಣಿಸುತ್ತಿದ್ದೆವು. ಯಾವಾಗಲೂ ಅವಳದೇ ಗೆಲುವು.

ಶನಿವಾರ ನಾನು ಅವರ ಮನೆಗೆ ಹೋಗುತ್ತಿದ್ದೆ. ಲೊರೇನ್ ಆಂಟಿ ಬೆಂಡೆಕಾಯನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿಯುತ್ತಿದ್ದರು. ಆಮೇಲೆ ಡೆನಿಸಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಸಣ್ಣ ಸಣ್ಣ ಜಡೆ ಹೆಣೆಯುತ್ತ ಊರಿನ ಕಥೆ ಹೇಳುತ್ತಿದ್ದರು. ಅವರ ಶಾಲೆಗೆ ಬರುತ್ತಿದ್ದ ಪುಸ್ತಕಗಳ ಮೊದಲ ಪುಟದಲ್ಲಿ ಬಿಳಿಯ ಮಕ್ಕಳ ಹೆಸರುಗಳಿರುತ್ತಿದ್ದವಂತೆ, ಅವರು ಓದಿ ಹರಿದು ಬಿಟ್ಟ ಪುಸ್ತಕಗಳು. ಊರಿನಲ್ಲಿ ಬಿಳಿಯರಿಗೆ ಮಾತ್ರ ಎಂದು ಒಂದು ಈಜುಕೊಳವಿತ್ತಂತೆ. ಎಲ್ಲರನ್ನೂ ಬಿಡಬೇಕು ಎಂದು ಕೋರ್ಟು ಹೇಳಿದಾಗ, ಊರಿನವರು ಲಾರಿಗಳಲ್ಲಿ ಮಣ್ಣು ತಂದು ಕೊಳವನ್ನೇ ಮುಚ್ಚಿದರಂತೆ.

“ಈಗ ಏನಿದೆ ಅಲ್ಲಿ?” ಎಂದು ಕೇಳಿದೆ.

“ಹುಲ್ಲು. ನನ್ನ ತಮ್ಮನ ಮನೆ ಅದರ ಎದುರಿಗೇ ಇದೆ. ಬೇಸಿಗೆಯಲ್ಲಿ ಬಿಳಿ ಮಕ್ಕಳೂ ಈಜುವುದಿಲ್ಲ, ಕಪ್ಪು ಮಕ್ಕಳೂ ಈಜುವುದಿಲ್ಲ.”

“ಮತ್ತೆ ಅಗೆಯಬಹುದಲ್ಲ?”

ಆಂಟಿ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಆ ಜಡೆ ಮುಗಿಸಿದರು. “ಅಗೆಯೋಕೆ ಮೊದಲು ಅಲ್ಲಿ ಕೊಳ ಇತ್ತು ಅಂತ ಒಪ್ಪಿಕೊಳ್ಳಬೇಕು ಮಗು. ನಮ್ಮೂರಲ್ಲಿ ಈಗ ಕೇಳಿದರೆ, ಇಲ್ಲಿ ಯಾವತ್ತೂ ಹುಲ್ಲೇ ಇತ್ತು ಅಂತಾರೆ.”

ಆ ಅಕ್ಟೋಬರಿನಲ್ಲಿ ವಿಮಲಾ ಆಂಟಿಯ ಫೋನು ಬಂತು. ಹೃದಯದ ಡಾಕ್ಟರ ಹೆಂಡತಿ, ಬೆಂಗಳೂರಿನವರು, ನಮ್ಮ ಕನ್ನಡ ಕೂಟಕ್ಕೆ ಶಾಶ್ವತ ಸಾಂಸ್ಕೃತಿಕ ಕಾರ್ಯದರ್ಶಿ. ಧ್ವನಿ ಎತ್ತದೆ ಎಲ್ಲರಿಂದಲೂ ಎಲ್ಲವನ್ನೂ ಮಾಡಿಸಿಕೊಳ್ಳುವವರು.

“ಈ ಸಲ ದೀಪಾವಳಿಗೆ ಪೌರಾಣಿಕ ಬೇಡ ಕಣ್ರೀ” ಎಂದರು. “ವರ್ಣಭೇದದ ಮೇಲೆ ಏನಾದ್ರೂ ಮಾಡಿದ್ರೆ ನಮ್ಮ ಏರಿಯಾ ಕೌನ್ಸಿಲ್‌ನೋರು ಅವರ ಹಾಲ್ ಫ್ರೀ ಕೊಡ್ತಾರಂತೆ.”

“ಇಲ್ಲೀದಾ?” ಎಂದಳು ಅಮ್ಮ.

“ಇಲ್ಲೀದು ಬೇಡಪ್ಪ, ಕೌನ್ಸಿಲ್‌ನೋರಿಗೆ ಬೇಜಾರಾಗುತ್ತೆ. ಅಮೆರಿಕಾದ್ದು ತಗೊಳ್ಳೋಣ.”

ಹೀಗೆ ಅಮೆರಿಕದ ಕಪ್ಪು ಜನರ ನೋವು ನಮ್ಮ ಕೂಟದವರ ಹೃದಯವನ್ನು ಮುಟ್ಟಿತು. ಕಪ್ಪು ಜನ ಹಿಂದೆಯೇ ಕೂರಬೇಕಿದ್ದ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಕೂತ ಕಪ್ಪು ಹೆಂಗಸಿನ ಕಥೆ. ನಾಟಕಕ್ಕೆ ‘ಸಮಾನತೆಯ ಬಸ್ಸು’ ಎಂದು ಹೆಸರಿಟ್ಟವರೂ ವಿಮಲಾ ಆಂಟಿಯೇ.

ಪಾತ್ರ ಹಂಚಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವರ ಹಾಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಯಾರಿಗೆ ಮಾತು ಚೆನ್ನಾಗಿ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅವರ ಮಗಳು ಪಲ್ಲವಿ ಎಲ್ಲರಿಗಿಂತ ಬೆಳ್ಳಗಿದ್ದಳು. ಸೀಟು ಕೇಳುವ ಬಿಳಿಯ ದೊರೆಸಾನಿ ಅವಳೇ. ಅವಳಿಗಿಂತ ಒಂದು ಛಾಯೆ ಕಡಿಮೆಯವರು ಡ್ರೈವರ್, ಪೊಲೀಸ್. ಸಾಲು ಕಪ್ಪಾಗುತ್ತ ಹೋದಂತೆ ಸೀಟು ಬಸ್ಸಿನ ಹಿಂದಕ್ಕೆ ಹೋಗುತ್ತಿತ್ತು. “ನಮ್ಮ ಹುಡುಗೀನ ಹಿಂದಿನ ಸೀಟಿಗೆ ಹಾಕಬೇಡಿ ವಿಮಲಾ, ಫೋಟೋ ಊರಿಗೆ ಹೋಗುತ್ತೆ” ಎಂದು ಒಬ್ಬರು ನಗುತ್ತಲೇ ಹೇಳಿದರು. ನಗುತ್ತಲೇ ಆ ಹುಡುಗಿಯ ಸೀಟು ಬದಲಾಯಿತು. ಸಾಲಿನ ಕೊನೆಯಲ್ಲಿ ನಾನಿದ್ದೆ. ನನ್ನ ಜೊತೆ ಬಂದಿದ್ದ ಡೆನಿಸ್ ಬಾಗಿಲ ಬಳಿ ನಿಂತಿದ್ದಳು.

ಅವಳು ಶಾಲೆಯಲ್ಲಿ ಮಾಡುವ ಹಾಗೆ ಕೈ ಎತ್ತಿದಳು. “ಬಸ್ಸಿನ ಹೆಂಗಸಿನ ಪಾತ್ರ ನಾನು ಮಾಡಲಾ ಆಂಟಿ? ಅದು ನಮ್ಮಮ್ಮನ ಕಡೆಯದು.”

ಎಲ್ಲರ ಎದುರಿಗೆ ಇಲ್ಲ ಎನ್ನಲು ವಿಮಲಾ ಆಂಟಿಗೆ ಆಗಲಿಲ್ಲ. “ಓ, ಹೌ ಸ್ವೀಟ್” ಎಂದರು.

ಮುಂದಿನ ಮೂರು ವಾರ ಡೆನಿಸ್ ನಮ್ಮ ಹಾಲಿನಲ್ಲಿ ಕೂತು ಕನ್ನಡ ಕಲಿತಳು. ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಸ್ನಾನ ಮಾಡುವಾಗಲೂ ಹೇಳಿಕೊಳ್ಳುತ್ತಿದ್ದಳಂತೆ. ಪಲ್ಲವಿಗೆ ಹೊರಳದ ಳಕಾರ ಇವಳಿಗೆ ಹೊರಳುತ್ತಿತ್ತು. “ನಾನು ಏಳುವುದಿಲ್ಲ. ಈ ಸೀಟಿಗೆ ನಾನೂ ಟಿಕೆಟ್ ತೆಗೆದುಕೊಂಡಿದ್ದೇನೆ” ಎಂದು ಅವಳು ಮೆಲ್ಲಗೆ ಹೇಳಿದರೆ, ಅಡಿಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಲ್ಲುತ್ತಿತ್ತು.

ನಾಟಕಕ್ಕೆ ಐದು ದಿನ ಇದ್ದಾಗ ಮತ್ತೆ ಫೋನು. ಅಮ್ಮ ಮೆಟ್ಟಿಲ ಕೆಳಗೆ ನಿಂತು ಬಹಳ ಹೊತ್ತು “ಹೂಂ... ಹೂಂ... ನಿಜ ಅನ್ನಿ” ಎಂದಳು. ಆಮೇಲೆ ಬಂದು ಅಪ್ಪನಿಗೆ ಹೇಳಿದಳು.

“ಡೆನಿಸ್ ಬೇಡ ಅಂತೆ. ನಮ್ಮ ಶೈಲೂನೇ ಮಾಡಲಿ ಅಂತಾರೆ ವಿಮಲಾ.”

“ಯಾಕಂತ?” ಅಪ್ಪ ಪೇಪರು ಕೆಳಗಿಳಿಸಿದರು. “ಆ ಕೂಸು ಮೂರ್ ವಾರದಿಂದ ಕಲೀಲಿಕ್ಹತ್ತದ. ಈಗ ತಗದ್ರ ಹ್ಯಾಂಗ?”

“ನಿಜವಾಗಿ ಕಪ್ಪಗಿರೋ ಹುಡುಗಿಗೆ ನಮ್ಮ ಪಲ್ಲವಿ ‘ಏಳು’ ಅಂದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತೆ. ಕೌನ್ಸಿಲ್‌ನೋರೂ ಬರ್ತಾರಲ್ಲ. ಅದು ನಾಟಕದ ಥರ ಇರಲ್ಲ, ನಿಜದ ಥರ ಕಾಣುತ್ತೆ ಅಂತಾರೆ.”

ಅಪ್ಪ ನನ್ನನ್ನು ನೋಡಿದರು. ಆಮೇಲೆ ಪೇಪರಿನ ಪುಟ ತಿರುಗಿಸಿದರು. ತಮಗೆ ತಪ್ಪಿದ ಹುದ್ದೆಗಾಗಿ ಹನ್ನೊಂದು ಪತ್ರ ಬರೆದ ಮನುಷ್ಯ ವಿಮಲಾ ಆಂಟಿಗೆ ಒಂದು ಫೋನು ಮಾಡಲಿಲ್ಲ.

ಡೆನಿಸಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪಾತ್ರ ಸಿಕ್ಕಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು, ಇದನ್ನೂ ಇಲ್ಲೇ ಬರೆದುಬಿಡುತ್ತೇನೆ. ಶಾಲೆಯ ಅಂಗಳದಲ್ಲಿ, ಮಕ್ಕಳು ಒಂದಕ್ಕೊಂದು ಬಡಿದು ಆಡುವ ಕಾಂಕರ್ ಕಾಯಿಗೆ ದಾರ ಪೋಣಿಸುತ್ತ, “ನಿನಗೆ ಮಾತು ಕಷ್ಟ ಆಗುತ್ತೆ ಅಂತ ಬದಲಾಯಿಸಿದ್ದಾರೆ” ಎಂದು ಸುಳ್ಳು ಹೇಳಿದೆ.

“ನನಗೆ ಎಲ್ಲಾ ಬರುತ್ತಲ್ಲ” ಎಂದಳು.

“ಗೊತ್ತು.”

ಅವಳು ಕಾಯಿಯನ್ನು ಬೆರಳಲ್ಲಿ ಉರುಳಿಸುತ್ತ ಕೂತಳು. “ಸರಿ, ನೀನು ಹೇಳು ನೋಡೋಣ.” ನಾನು ಹೇಳಿದೆ. “ಹಾಗಲ್ಲ. ಅಷ್ಟು ಜೋರಾಗಿ ಬೇಡ. ಆಕೆ ಮೆಲ್ಲಗೇ ಹೇಳಿದ್ದು ಅಂತಾಳೆ ಅಮ್ಮ.” ಉಳಿದ ಮೂರು ಮಧ್ಯಾಹ್ನ ತನ್ನ ಪಾತ್ರವನ್ನು ನನಗೆ ಅವಳೇ ಕಲಿಸಿದಳು.

ನಾಟಕದ ದಿನ ಬಣ್ಣ ಹಚ್ಚಿದ್ದು ಕೌನ್ಸಿಲ್ ಹಾಲಿನ ಟಾಯ್ಲೆಟ್ಟಿನಲ್ಲಿ. ವಿಮಲಾ ಆಂಟಿ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಬಟ್ಟಲಲ್ಲಿ ತಂದಿದ್ದರು. ಹಿಂದಿನ ಸೀಟಿನ ಮಕ್ಕಳಿಗೆಲ್ಲ ಎರಡೆರಡು ಸಲ ಬಳಿದರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ನಿನಗೆ ಒಂದೇ ಕೋಟ್ ಸಾಕು ಕಣೆ” ಎಂದರು. ಅಲ್ಲಿದ್ದ ತಾಯಂದಿರು ನಕ್ಕರು. ಅಮ್ಮನೂ ನಕ್ಕಳು, ಒಂದು ಕ್ಷಣ ತಡವಾಗಿ.

ಹನ್ನೆರಡು ಕುರ್ಚಿಗಳ ಬಸ್ಸು. ಡೆನಿಸ್ ಮತ್ತು ಲೊರೇನ್ ಆಂಟಿ ಪ್ರೇಕ್ಷಕರ ಎರಡನೆಯ ಸಾಲಿನಲ್ಲಿದ್ದರು. ಆಂಟಿ ಚರ್ಚಿಗೆ ಹಾಕುವ ನೀಲಿ ಹ್ಯಾಟು ಹಾಕಿಕೊಂಡು ಬಂದಿದ್ದರು. ನಮ್ಮ ಕಪ್ಪು ಬಳಿದ ಮುಖಗಳನ್ನು ಕಂಡಾಗ ಅವರ ಬೆನ್ನು ನೆಟ್ಟಗಾಯಿತು. ಎದ್ದು ಹೋಗಲಿಲ್ಲ. ಪಲ್ಲವಿ ಬೆರಳು ತೋರಿಸಿ “ಏಳು” ಎಂದಳು. ನಾನು ಮೆಲ್ಲಗೆ “ನಾನು ಏಳುವುದಿಲ್ಲ” ಎಂದೆ. ಡೆನಿಸಳ ತುಟಿಗಳು ನನ್ನ ಜೊತೆಗೇ ಆಡುತ್ತಿದ್ದವು. ಕೌನ್ಸಿಲಿನಿಂದ ಬಂದಿದ್ದ ಬಿಳಿಯ ಮಹನೀಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹಾಲೆಲ್ಲ ಚಪ್ಪಾಳೆ.

ಆಮೇಲೆ ಊಟ. ನೆಲದ ಮೇಲೆ ಉದ್ದಕ್ಕೆ ಕಾಗದ ಹಾಸಿ, ಎಲೆಗಳನ್ನಿಟ್ಟು, ಊರಿನ ಹಾಗೆಯೇ ಪಂಕ್ತಿ. ವಿಮಲಾ ಆಂಟಿಯ ಅತ್ತೆ ಬೆಂಗಳೂರಿನಿಂದ ಬಂದಿದ್ದರು, ಮಡಿಯವರು. ನಾನು ಮುಖದ ಕಾಡಿಗೆಯಲ್ಲೇ ಅಮ್ಮನ ಪಕ್ಕ ಕೂತು, ಇನ್ನೊಂದು ಪಕ್ಕದ ಎಲೆಯನ್ನು ಡೆನಿಸಳಿಗೆಂದು ಕೈ ಅಡ್ಡವಿಟ್ಟು ಹಿಡಿದಿದ್ದೆ. ಉಪ್ಪು, ಕೋಸಂಬರಿ ಬಡಿಸಿಯಾಗಿತ್ತು.

ಕೋಟುಗಳನ್ನು ನೇತುಹಾಕಿದ ಬಾಗಿಲ ಹತ್ತಿರ ಒಂದು ಸಣ್ಣ ಮೇಜು, ಎರಡು ಕುರ್ಚಿ. ಕಾಗದದ ತಟ್ಟೆ, ಪ್ಲಾಸ್ಟಿಕ್ ಫೋರ್ಕು, ಮಧ್ಯೆ ಒಂದು ಹೂದಾನಿಯಲ್ಲಿ ಹಳದಿ ಹೂವು. ವಿಮಲಾ ಆಂಟಿ ತಾಯಿ ಮಗಳಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. “ಇಲ್ಲಿ ನಿಮಗೆ ಆರಾಮಾಗುತ್ತೆ ಲೊರೇನ್. ನೆಲದ ಮೇಲೆ ಕೂರೋದು ನಿಮಗೆ ಕಷ್ಟ.”

ಲೊರೇನ್ ಆಂಟಿ ಮೇಜನ್ನು ನೋಡಿದರು. ಆಮೇಲೆ ಪಂಕ್ತಿಯನ್ನು ನೋಡಿದರು. ಮೊದಲ ಸಾಲಿನಲ್ಲಿ, ಅತ್ತೆಯವರಿಂದ ಮೂರೇ ಎಲೆ ಆಚೆಗೆ, ಕೌನ್ಸಿಲಿನ ಮಹನೀಯ ಬೂಟು ಬಿಚ್ಚಿ, ಮಡಚಲು ಬಾರದ ಉದ್ದ ಕಾಲುಗಳನ್ನು ಮಡಚಿಕೊಂಡು ಕೂತಿದ್ದ. “ನೋಡ್ರೀ, ಎಷ್ಟು ಸರಳ ಮನುಷ್ಯ” ಎಂದು ಸುತ್ತಲಿನವರೆಲ್ಲ ಮೆಚ್ಚುತ್ತಿದ್ದರು.

“ಅವರಿಗೆ ಕಷ್ಟ ಆಗುವುದಿಲ್ಲವೆ?” ಎಂದು ಲೊರೇನ್ ಆಂಟಿ ಕೇಳಿದರು.

“ಅವರು ಗೆಸ್ಟ್” ಎಂದುಬಿಟ್ಟರು ವಿಮಲಾ ಆಂಟಿ. ಆಮೇಲೆ, “ನೀವೂ ಗೆಸ್ಟೇ, ಅದಕ್ಕೇ ಸ್ಪೆಷಲ್ಲಾಗಿ...”

ಡೆನಿಸ್ ನನ್ನನ್ನು ನೋಡಿದಳು. ನನ್ನ ಪಕ್ಕದ ಖಾಲಿ ಎಲೆಯನ್ನೂ ನೋಡಿದಳು. ನಾನು ಎದ್ದು ಆ ಮೇಜಿಗೆ ಹೋಗಬಹುದಿತ್ತು. ಮೂರನೇ ಕುರ್ಚಿ ಎಳೆದುಕೊಳ್ಳಬಹುದಿತ್ತು. ಮೊಣಕಾಲೂರಿ ಅರ್ಧ ಎದ್ದೆ ಕೂಡ. ಅಮ್ಮ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. “ಕೂತ್ಕೋ ಶೈಲು. ಎಲೆ ಮುಂದೆ ಕೂತ್ಮೇಲೆ ಮಧ್ಯದಲ್ಲಿ ಏಳಬಾರದು.”

ಕೂತೆ. ವೇದಿಕೆಯ ಮೇಲೆ ಏಳದೆ ಕೂತಿದ್ದಕ್ಕೆ ಚಪ್ಪಾಳೆ ಬಂದಿತ್ತು, ಇಲ್ಲಿ ಏಳದೆ ಕೂತಿದ್ದಕ್ಕೆ ಪಾಯಸ ಬಂತು.

ಲೊರೇನ್ ಆಂಟಿ ಮೊಳೆಯಿಂದ ಮಗಳ ಕೋಟು ತೆಗೆದು ತೊಡಿಸಿ, ಮೇಲಿನಿಂದ ಕೆಳಗಿನವರೆಗೆ ಗುಂಡಿ ಹಾಕಿದರು. ಒಂದನ್ನೂ ಬಿಡಲಿಲ್ಲ. ಆಮೇಲೆ ವಿಮಲಾ ಆಂಟಿಗೆ, “ನಮ್ಮೂರಿನಲ್ಲಿ ಹೂವು ಇಡುತ್ತಿರಲಿಲ್ಲ” ಎಂದರು.

“ಥ್ಯಾಂಕ್ಯೂ” ಎಂದರು ವಿಮಲಾ ಆಂಟಿ.

ಸೋಮವಾರ ಡೆನಿಸ್ ನನ್ನೊಡನೆ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ರಬ್ಬರು ಕೇಳಿದರೆ ಕೊಟ್ಟಳು, ವಾಪಸು ಕೊಟ್ಟಾಗ ಥ್ಯಾಂಕ್ಸ್ ಹೇಳಿದಳು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ನನ್ನ ಕಿವಿಯ ಹಿಂದಿನ ಕಾಡಿಗೆ ಗುರುವಾರದವರೆಗೂ ಹೋಗಲಿಲ್ಲ. ಅಮ್ಮ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದಳು. ಈಸ್ಟರ್ ರಜೆ ಮುಗಿಸಿ ಬಂದಾಗ ಪಕ್ಕದ ಸೀಟು ಖಾಲಿ. ತಾಯಿ ಮಗಳು ಅಮೆರಿಕಕ್ಕೆ ವಾಪಸು ಹೋದರೆಂದು ಸಿಸ್ಟರ್ ಹೇಳಿದರು. ಅಂಥ ಊರಿಗೇ ವಾಪಸು ಹೋಗಬೇಕು ಅನಿಸುವ ಹಾಗೆ ಮಾಡಿದವರಲ್ಲಿ ನಾವೂ ಇದ್ದೆವೋ ಏನೋ, ಕೇಳಲು ನನ್ನ ಬಳಿ ವಿಳಾಸವಿರಲಿಲ್ಲ.

ಈಗ ನಾವೆಲ್ಲ ಲಂಡನ್ನಿನ ಇನ್ನೊಂದು ತುದಿಗೆ, ಕೆಂಟನ್ ಕಡೆಗೆ ಬಂದಿದ್ದೇವೆ, ಮನೆಗಳು ದೊಡ್ಡವಾಗಿವೆ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಹಳಬರೆಲ್ಲ ಸೇರಿದ್ದರು. ಗೋಡೆಯಗಲದ ಟಿವಿಯಲ್ಲಿ ಅಮೆರಿಕದ ಸುದ್ದಿ. ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಹುಡುಗನ ತಾಯಿ ಮೈಕಿನ ಮುಂದೆ ನಿಂತಿದ್ದಳು. “ಇವರದು ಮುಗಿಯೋದೇ ಇಲ್ವಲ್ಲ. ಎಷ್ಟು ವರ್ಷ ಆಯ್ತು, ಮರೆತು ಮುಂದೆ ಹೋಗಬಾರದಾ?” ಎಂದರು ಒಬ್ಬ ಅಂಕಲ್. ನಲವತ್ತು ವರ್ಷದ ಹಿಂದೆ ತಮಗೆ ತಪ್ಪಿದ ಪ್ರಮೋಶನ್ನಿನ ಕಥೆಯನ್ನು ಅವರು ಆಗಷ್ಟೇ ಮುಗಿಸಿದ್ದರು. ಎಂಬತ್ತು ದಾಟಿದ ವಿಮಲಾ ಆಂಟಿ ಹೋಳಿಗೆ ಮುರಿಯುತ್ತ, “ನಾವು ಆ ಕಾಲದಲ್ಲೇ ಇದರ ಮೇಲೆ ನಾಟಕ ಮಾಡಿದ್ವಿ. ನಮ್ಮ ಶೈಲು ಎಷ್ಟು ಚೆನ್ನಾಗಿ ಮಾಡಿದ್ಲು” ಎಂದರು. ಎಲ್ಲರೂ ನನ್ನ ಕಡೆ ತಿರುಗಿ ಮುಗುಳ್ನಕ್ಕರು. ನಾನೂ ನಕ್ಕೆ. ಐವತ್ತು ವರ್ಷದ ಹೆಂಗಸು ಇನ್ನೂ ಅದೇ ಎಲೆಯ ಮುಂದೆ ಕೂತ ಹಾಗೆ.

ಆ ಕಾಲವನ್ನು ಕಳೆದುಕೊಂಡೆವು ಎಂದು ನಮ್ಮವರು ಮರುಗುತ್ತಾರೆ. ಕಾಲ ಹೋದದ್ದಕ್ಕೆ ನನಗೆ ದುಃಖವಿಲ್ಲ. ತನ್ನಿಂದ ಕಿತ್ತುಕೊಂಡ ಮಾತನ್ನು ಕಿತ್ತುಕೊಂಡವಳಿಗೇ ಕೂತು ತಿದ್ದಿಕೊಡುವಂಥ ಇನ್ನೊಬ್ಬ ಗೆಳತಿ ಆಮೇಲೆ ಸಿಗಲಿಲ್ಲ, ಕಳೆದದ್ದು ಅಷ್ಟು.

ವಾಪಸು ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, ಎಂದಿನಂತೆ ಇಂಗ್ಲಿಷಿನಲ್ಲೇ. ಚಿಕ್ಕವಳಿದ್ದಾಗ ನಿನಗೆ ಕಪ್ಪು ಜನರಲ್ಲಿ ಯಾರಾದರೂ ಫ್ರೆಂಡ್ ಇದ್ದರಾ ಎಂದು.

“ಒಬ್ಬಳಿದ್ದಳು” ಎಂದೆ.

“ಏನಾಯಿತು?”

“ಊಟಕ್ಕೆ ಕರೆದಿದ್ವಿ” ಎಂದೆ.